ಅಲ್ಲೇನಿದೆ ಅಕ್ಕ

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಎಲ್ಲರೂ ಅವಳನ್ನು ಕರೆಯುವುದು ‘ಅಲ್ಲೇನಿದೆ ಅಕ್ಕ’ ಎಂದೇ. ಯಾವ ಪ್ರೋಗ್ರಾಂ ಬರೆಯಲು ಹೇಳಿದರೂ ಅವಳ ಮೊದಲ ಮಾತು ಒಂದೇ: “ಸರ್ವರ್‌ನಲ್ಲಿ ಏನಿದೆ? ಯಾವ ವರ್ಷನ್?” ಆ ಸರ್ವರ್‌ಗೆ ಹೊಸದೇನನ್ನೂ ಹಾಕುವಂತಿಲ್ಲ. ರೋಗಿಗಳ ದಾಖಲೆಯಿರುವ ಯಂತ್ರಕ್ಕೆ ಕಂಡಕಂಡವರು ಕೈಹಾಕಿದರೆ ಗತಿಯೇನು ಎಂಬುದು ಅದನ್ನು ನೋಡಿಕೊಳ್ಳುವವನ ವಾದ. ಅವನಿಗೆ ‘ಬೀಗ’ ಎಂದು ಹೆಸರಿಟ್ಟವಳೂ ಅಕ್ಕನೇ. ಉಳಿದವರು ಪೈತಾನ್ ಭಾಷೆಯ ಹೊಚ್ಚಹೊಸ ಆವೃತ್ತಿಯಲ್ಲಿ ಬರೆದು ತಂದು, ಇಲ್ಲಿ ಓಡದಿದ್ದಾಗ ಬೀಗನ ಬಾಗಿಲಲ್ಲಿ ಗೋಗರೆಯುತ್ತಾರೆ. ಅಕ್ಕ ಹಾಗಲ್ಲ. ಮೊದಲೇ ಕೇಳಿಕೊಂಡು, ಅಲ್ಲಿರುವುದನ್ನೇ ತನ್ನ ಯಂತ್ರಕ್ಕೂ ಹಾಕಿ, ಆಮೇಲೆ ಬರೆಯಲು ಕೂರುತ್ತಾಳೆ.

ಈ ಬುದ್ಧಿ ಬಂದದ್ದು ದರ್ಜಿ ಗಂಡನಿಂದ. ಕೆಲಸಕ್ಕೆ ಸೇರಿದ ವರ್ಷ ಅವಳೂ ಹೀಗೇ ಮುಖಭಂಗವಾಗಿ ಮನೆಗೆ ಬಂದಾಗ ಅವನು ಹೊಲಿಗೆ ನಿಲ್ಲಿಸದೆಯೇ ಕೇಳಿದ್ದ, “ಅಳತೆ ತಗೊಳ್ದೇನೇ ಬಟ್ಟೆ ಕತ್ತರಿಸ್ಬಿಟ್ಯಾ?”

ಈ ಸಲ ಅವಳ ಬೆನ್ನು ಬಿದ್ದವರು ಡಯಾಲಿಸಿಸ್ ವಾರ್ಡಿನ ಹಿರಿಯ ನರ್ಸ್. ಯಾರಾದರೂ ಬರುವುದಿಲ್ಲ ಎಂದರೆ ಆ ಜಾಗಕ್ಕೆ ಇನ್ನೊಬ್ಬರನ್ನು ಕಾಗದದ ಪಟ್ಟಿಯಲ್ಲಿ ಹುಡುಕುವಷ್ಟರಲ್ಲಿ ಹೊತ್ತು ಮೀರಿ, ಯಂತ್ರ ಖಾಲಿ ಉಳಿಯುತ್ತಿತ್ತು. ಅತ್ತ ಕಾಲು ಊದಿಸಿಕೊಂಡ ಯಾರೋ ಸರದಿಗಾಗಿ ಮನೆಯಲ್ಲಿ ದಿನ ಎಣಿಸುತ್ತಿದ್ದರು. ಅವರನ್ನು ಕ್ಷಣದಲ್ಲಿ ಹುಡುಕಿಕೊಡುವ ಪ್ರೋಗ್ರಾಂ ಬೇಕಿತ್ತು.

ಆ ವಾರ ಬೀಗ ರಜೆಯಲ್ಲಿದ್ದ. ಸರ್ವರ್‌ನಲ್ಲಿ ಏನೇನಿದೆ ಎಂದು ಅವನು ಬರೆದಿಡುವ ಸ್ಪ್ರೆಡ್‌ಶೀಟ್‌ನಲ್ಲಿ ಪೈತಾನ್‌ನ ಮುಂದೆ 3.1 ಎಂದಿತ್ತು. ಓಬೀರಾಯನ ಕಾಲದ್ದು! ಅಕ್ಕ ನಿಟ್ಟುಸಿರು ಬಿಟ್ಟು ಅದನ್ನೇ ಹಾಕಿಕೊಂಡಳು. ಹೊಸ ಆವೃತ್ತಿಯಲ್ಲಿ ಒಂದು ಸಾಲಿಗೆ ಮುಗಿಯುವುದನ್ನು ಹತ್ತು ಸಾಲು ಬರೆಯುತ್ತ ಎರಡು ತಿಂಗಳು ಏಗಿದಳು. ಗೊಣಗಲಿಲ್ಲ ಎಂದರೆ ಸುಳ್ಳಾದೀತು. ಗೊಣಗುತ್ತಲೇ ಮುಗಿಸಿದಳು.

ಪ್ರೋಗ್ರಾಂನ ಪರೀಕ್ಷೆಯ ದಿನ ಬೆಳಿಗ್ಗೆಯೇ ನಾಲ್ಕನೇ ಯಂತ್ರದವರು ಬರುವುದಿಲ್ಲ ಎಂದು ಫೋನ್ ಬಂತು. ಮುಖ್ಯ ವೈದ್ಯರು ಖಡಾಖಂಡಿತವಾಗಿ ಹೇಳಿದ್ದರು: ಮಧ್ಯಾಹ್ನದೊಳಗೆ ಓಡದಿದ್ದರೆ ಕಾಗದದ ಪಟ್ಟಿಯೇ ಗಟ್ಟಿ. ಅಕ್ಕ ಸರ್ವರ್‌ನಲ್ಲಿ ಪ್ರೋಗ್ರಾಂ ಶುರುಮಾಡಿದಳು. ಅದು ಮೊದಲ ಸಾಲಿಗೇ ಮುಗ್ಗರಿಸಿತು. ನರ್ಸ್ ಖಾಲಿ ಹಾಸಿಗೆಯತ್ತ ನೋಡಿದರು.

ಅಕ್ಕ ಓಡಿದ್ದು ಸರ್ವರ್ ಕೋಣೆಗೆ, ಬೀಗನ ಬಳಿ. “ಅಲ್ಲೇನಿದೆ, ಸ್ವಲ್ಪ ಓದಿ ಹೇಳಪ್ಪ.”

“ಮೂರು ಪಾಯಿಂಟ್ ಹತ್ತು.”

“ಹತ್ತಾ? ನಿನ್ನ ಶೀಟ್‌ನಲ್ಲಿ ಒಂದು ಅಂತಿದೆಯಲ್ಲ?”

“ನಾನು ಹತ್ತು ಅಂತಾನೇ ಹೊಡೆದಿದ್ದೆ ಅಕ್ಕಾ,” ಎಂದವನು ಶೀಟ್ ತೆರೆದು ನೋಡಿ ತಣ್ಣಗಾದ. ಅದನ್ನು ದಶಾಂಶವೆಂದು ತಿಳಿದ ಶೀಟು ಕೊನೆಯ ಸೊನ್ನೆಯನ್ನು ನುಂಗಿಹಾಕಿತ್ತು. ಆವೃತ್ತಿಗಳ ಎಣಿಕೆಯಲ್ಲಿ 3.9ರ ನಂತರ ಬರುವ 3.10, ಓಬೀರಾಯನ ಕಾಲದ 3.1 ಆಗಿ ಕೂತಿತ್ತು. 3.1ರಲ್ಲಿ ನಡೆಯುತ್ತಿದ್ದ ಒಂದೆರಡು ಪದಗಳನ್ನು ಪೈತಾನ್ ರೂಪಿಸುವವರು 3.10ರಲ್ಲಿ ಕಿತ್ತುಹಾಕಿದ್ದರು.

ಬೇರೆ ಯಾರಾದರೂ ಆಗಿದ್ದರೆ ಬೀಗನಿಗೆ ಅಂದು ಮಂಗಳಾರತಿ ಆಗುತ್ತಿತ್ತು. ಅಕ್ಕ ವಾರ್ಡಿಗೆ ಬಂದು ಮುಖ್ಯ ವೈದ್ಯರಿಗೆ, “ತಪ್ಪು ನಂದೇ ಸರ್. ಪ್ರತಿ ಸಲ ಹೋಗಿ ಕೇಳ್ತಿದ್ದೆ, ಈ ಸಲ ಕೇಳ್ಲಿಲ್ಲ. ಅರ್ಧ ಗಂಟೆ ಕೊಡಿ,” ಎಂದಳು. ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಬೀಗ ತಲೆ ತಗ್ಗಿಸಿದ. ನನ್ನನ್ನು ಕೇಳಿದರೆ, ಎರಡು ತಿಂಗಳ ದುಡಿಮೆಗಿಂತ ದೊಡ್ಡದು ಆ ಒಂದು ಮಾತು.

ಎರಡೇ ಸಾಲು ತಿದ್ದಬೇಕಾಯಿತು. ಪರದೆಯ ಮೇಲೆ ಒಂದು ಹೆಸರು ಮೂಡಿತು, ನರ್ಸ್ ಫೋನ್ ಎತ್ತಿದರು. ಮುಕ್ಕಾಲು ಗಂಟೆಯಲ್ಲಿ ನಿವೃತ್ತ ಟೀಚರೊಬ್ಬರು ಮಗಳ ತೋಳು ಹಿಡಿದು ಏದುಸಿರು ಬಿಡುತ್ತ ಬಂದರು. ಅವರ ಸರದಿ ಇದ್ದದ್ದು ನಾಡಿದ್ದು.

ಹಾಸಿಗೆಗೆ ಒರಗುತ್ತ ಟೀಚರ್, “ಯಾರೋ ಪುಣ್ಯಾತ್ಮರು ನನ್ನ ನೆನಪು ಮಾಡ್ಕೊಂಡ್ರು,” ಎಂದರು.

ನರ್ಸ್ ಅಕ್ಕನತ್ತ ಕೈ ತೋರಿಸಹೊರಟರು. ಅಕ್ಕ ಬೇಡವೆಂದು ತಲೆಯಾಡಿಸಿ, ಬೀಗನ ತೋಳು ಹಿಡಿದು ಮುಂದೆ ತಳ್ಳಿದಳು. “ಇವನೇ, ಟೀಚರ್. ನಾನು ಕೇಳಿದ ತಕ್ಷಣ ಹೇಳಿದ.”