ದಸ್ತಗಿರಿ ಎಂಬ ಕೂಸು

ಆಂಧ್ರ ಬೇರೆ ರಾಜ್ಯವಾದ ಹೊಸತು. ನಾನು ಆದವಾನಿಯಲ್ಲಿ ಪೊಲೀಸ್ ಪೇದೆ. ಪಕ್ಕದ ಮನೆಯ ಬೂಬಮ್ಮ ಮೊಮ್ಮಗನಿಗೆ ಹೆಸರಿಡುವ ದಿನ ಊಟಕ್ಕೆ ಕರೆದಿದ್ದಳು. ಡ್ಯೂಟಿ ಮುಗಿಸಿ ಖಾಕಿಯಲ್ಲೇ ಹೋದೆ. ಹಿತ್ತಲಲ್ಲಿ ಬೂಬಮ್ಮನ ಮಗ, ಅಂದರೆ ಕೂಸಿನ ಸೋದರಮಾವ, ಮೂವರು ಗೆಳೆಯರೊಂದಿಗೆ ದುಡ್ಡಿಟ್ಟು ಇಸ್ಪೀಟು ಆಡುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ಬೂಬಮ್ಮ ಕೂಸನ್ನು ಎತ್ತಿ ಹಿಡಿದು ಎಲ್ಲರಿಗೂ ಕೇಳುವಂತೆ "ದಸ್ತಗಿರಿ!" ಎಂದು ಕೂಗಿದಳು. ಹಿತ್ತಲಿನಿಂದ ಒಬ್ಬ ಇಣುಕಿ ನನ್ನ ಟೋಪಿ ನೋಡಿದ. ಮರುಕ್ಷಣ ನಾಲ್ವರೂ ಗೋಡೆ ಹಾರಿದರು.

ನನಗೆ ನಗು ತಡೆಯಲಾಗಲಿಲ್ಲ. "ಯಬೇ, ಹಸುಗೂಸಿಗೆ ಯಾರರ ಅರೆಸ್ಟು ಅಂತ ಹೆಸರಿಡ್ತಾರೇನು?" ಎಂದೆ.

ಆಕೆ ಸಿಟ್ಟಾದಳು. "ಫಾರ್ಸಿಯಾಗ ದಸ್ತ್ ಅಂದ್ರ ಕೈ, ಗೀರ್ ಅಂದ್ರ ಹಿಡಿಯಾವ. ಮುಳುಗಾವರ ಕೈ ಹಿಡಿದು ದಡಕ್ಕ ಎಳಿಯೋ ಪೀರನ ಹೆಸರದು. ನೀವು ಪೊಲೀಸರೂ ಕೈ ಹಿಡೀತೀರಿ. ಎಲ್ಲಿಗೆ ಒಯ್ತೀರಿ, ಹೇಳಪ್ಪ ನೋಡೋಣು?"

ನೆಂಟರೆಲ್ಲ ನನ್ನ ಮುಖ ನೋಡಿದರು. "ತಪ್ಪಾತು ಯಬೇ" ಎಂದೆ.

ಅಷ್ಟಕ್ಕೇ ಬಿಡಲಿಲ್ಲ. ಓಡಿಹೋದ ಮಗನನ್ನು ನಾನೇ ಊಟಕ್ಕೆ ಕರೆತರಬೇಕೆಂದಳು. ಹೋದೆ. "ಪಲಾವ್ ಆರತೈತಿ, ಬಾರೋ!" ಎಂದು ನಾನು ಕೂಗಿದಷ್ಟೂ ಅವನು ಆಲೂರು ರಸ್ತೆಯಲ್ಲಿ ಇನ್ನೂ ಜೋರಾಗಿ ಓಡುತ್ತಿದ್ದ.