ಮರಳುಗಾಡಿನ ಮನೆಯಲ್ಲಿ ಹಾಲುಕ್ಕಿಸಿದ್ದು

ತಣ್ಣೀರಿನ ನಲ್ಲಿ ತಿರುಗಿಸಿ ಮುಖಕ್ಕೆ ನೀರೆರಚಿಕೊಂಡವನು ಕಿರುಚಿಬಿಟ್ಟೆ. ಮುಖ ಚುರ್ರೆಂದಿತ್ತು. ಅರಬರ ನಾಡಿನ ಅಲ್ ಐನ್ ಊರಿಗೆ ಬಂದ ಮೊದಲ ದಿನ ಅದು. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕು ಕಾದು ನಲ್ಲಿಯಲ್ಲಿ ಬರುವುದೇ ಬಿಸಿನೀರು. ಅದಕ್ಕೇ ಇಲ್ಲಿನವರು ಗೀಸರ್ ಆರಿಸಿಟ್ಟು, ಅದರೊಳಗೆ ತಣ್ಣಗಾದ ನೀರನ್ನು ಬಳಸುತ್ತಾರಂತೆ. ನನ್ನ ಹೆಂಡತಿ ಮಂಜುಳಾ ಇದನ್ನು ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ತಣ್ಣೀರೇ ಸುಡುವ ಊರಿನಲ್ಲಿ ಇನ್ನೇನೇನು ಕಾದಿದೆಯೋ ಎಂದುಕೊಂಡೆ.

ಮಂಜುಳಾ ನರ್ಸು. ಇಲ್ಲಿನ ಆಸ್ಪತ್ರೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಾಗ ನಾನು ಸೂಲಿಬೆಲೆಯಲ್ಲಿ ಸೀಮೆಹಸು ಸಾಕಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದೆ. ಹಸುಗಳನ್ನು ಅಣ್ಣನಿಗೆ ಒಪ್ಪಿಸಿ, ನಾಲ್ಕು ವರ್ಷದ ಮಗಳು ಚಿನ್ನಿಯನ್ನು ಎತ್ತಿಕೊಂಡು ಹೊರಟೆ. "ಏನ್ ಗುರು, ಎಲ್ರೂ ಹೆಂಡ್ತೀನ ಕರ್ಕೊಂಡ್ ಹೋದ್ರೆ ನೀನು ಹೆಂಡ್ತಿ ಹಿಂದೆ ಹೊಂಟಿದ್ದೀಯಲ್ಲ!" ಎಂದು ಟೀ ಅಂಗಡಿಯಲ್ಲಿ ಗೆಳೆಯರು ರೇಗಿಸಿದರು. ರೇಗಿಸಲಿ. ನಾಚಿಕೆಪಡಲು ನನಗೆ ಪುರುಸೊತ್ತೆಲ್ಲಿತ್ತು? ಹೆದರಿಕೆಯೇ ಮೈತುಂಬ ಇತ್ತು.

ಇಷ್ಟವಾದದ್ದೂ ಇದೆ, ಸುಳ್ಳು ಹೇಳಬಾರದು. ರಸ್ತೆಗೆ ಕಾಲಿಟ್ಟರೆ ಕಾರುಗಳು ತಾವೇ ನಿಲ್ಲುತ್ತವೆ. ಹೊಸಕೋಟೆಯ ಹೈವೇ ದಾಟಿ ಬೆಳೆದ ನನಗೆ ಇದರಲ್ಲಿ ಏನೋ ಮೋಸವಿದೆ ಅನ್ನಿಸಿ, ಎಷ್ಟೋ ಸಲ ದಾಟದೆ ನಿಂತಿದ್ದೇನೆ. 'ಬಕಾಲಾ' ಎಂದರೆ ಬೀದಿಯ ಚಿಲ್ಲರೆ ಅಂಗಡಿ. ಅಲ್ಲಿ ಸಿಗುವ 'ಲಬಾನ್' ನಮ್ಮ ಮಜ್ಜಿಗೆಯೇ, ಒಂದಿಷ್ಟು ಗಟ್ಟಿ. ಇಂಗು, ಕರಿಬೇವು ಹಾಕಿ ಕುಡಿದರೆ ಹೊಟ್ಟೆಗೆ ಸಮಾಧಾನ. ಆದರೆ ಮಧ್ಯಾಹ್ನ ಹೊರಗೆ ಒಂದು ನರಪಿಳ್ಳೆಯೂ ಕಾಣದು. ಆ ಹೊತ್ತಿಗೆ ನಮ್ಮೂರಿನ ಜಗಲಿಯಲ್ಲಿ ಯಾರಾದರೂ ಕೂತು, ಹಾದುಹೋಗುವವರ ಜಾತಕವನ್ನೆಲ್ಲ ವಿಚಾರಿಸುತ್ತಿರುತ್ತಾರೆ. ಇಲ್ಲಿ ಉದ್ದಕ್ಕೂ ಮುಚ್ಚಿದ ಬಾಗಿಲುಗಳು. ಸಾಲದ್ದಕ್ಕೆ ಒಂದು ದಿನ ಧೂಳಿನ ಗಾಳಿ ಎದ್ದು ಎದುರಿನ ಕಟ್ಟಡವೇ ಕಾಣದಾಯಿತು. ಹೆದರೋರ ಮೇಲೆ ಹಾವು ಹಾಕಿದಂಗೆ ಅಂತಾರಲ್ಲ, ಹಾಗಾಯಿತು ನನ್ನ ಪಾಡು.

ಮಂಜುಳಾ ಡ್ಯೂಟಿಗೆ ಹೋದರೆ ಮನೆಯಲ್ಲಿ ನಾನು, ಚಿನ್ನಿ ಇಬ್ಬರೇ. ನಾನು ಸ್ನಾನಕ್ಕೆ ಹೋದಾಗ ಯಾರಾದರೂ ಬಂದರೆ? ಮಗು ಬಾಗಿಲು ತೆಗೆದು ಆ ಬಿಸಿಲಿಗೆ ನಡೆದುಬಿಟ್ಟರೆ? ದಿನಾ ಅವಳಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ.

"ಹೊರಗೆ ಏನಿದೆ?"

"ಭಯ ಇದೆ."

"ಬಾಗ್ಲು ಮುಟ್ಬೋದಾ?"

"ಮುಟ್ಬಾರ್ದು."

"ಅಪ್ಪನ ಥರಾನೇ ಯಾರಾದ್ರೂ ಕರೆದ್ರೆ?"

"ಆಗ್ಲೂ ಮುಟ್ಬಾರ್ದು."

ಒಮ್ಮೆ ಕೇಳಿಸಿಕೊಂಡ ಮಂಜುಳಾ ಬೈದಳು. "ಮಗೂನ ಯಾಕ್ರೀ ಹಿಂಗೆ ಹೆದ್ರಿಸ್ತೀರಾ? ನಿಮ್ ಭಯ ನಿಮ್ಹತ್ರಾನೇ ಇಟ್ಕೊಳ್ಳಿ."

ಮೊದಲು ಪರಿಚಯದವರ ಮನೆಯ ಒಂದು ಕೋಣೆಯಲ್ಲಿದ್ದೆವು; ಹಗಲು ಅವರೆಲ್ಲ ಕೆಲಸಕ್ಕೆ ಹೋಗಿರುತ್ತಿದ್ದರು. ನಮ್ಮದೇ ಬಾಡಿಗೆ ಮನೆ ಸಿಕ್ಕಾಗ ಊರಿನಿಂದ ಅಮ್ಮ ಫೋನಿನಲ್ಲಿ ಹಟ ಹಿಡಿದಳು. "ಹಾಲುಕ್ಕಿಸ್ದೆ ಒಲೆ ಮೇಲೆ ಬೇರೇನೂ ಇಡ್ಬೇಡ ಕಣಪ್ಪ. ಪೂರ್ವಕ್ಕೆ ಉಕ್ಬೇಕು." ಊರಿನ ಅಯ್ನೋರು ಹೇಳಿದ ಮುಹೂರ್ತದ ಹೊತ್ತಿಗೆ ಮಂಜುಳಾ ಡ್ಯೂಟಿಯಲ್ಲಿದ್ದಳು. ಪಾತ್ರೆಯ ಕಂಠದವರೆಗೆ ಹಾಲು ಸುರಿದು, ಉರಿ ಜೋರು ಮಾಡಿ, ಅದು ಕಾಯುವಷ್ಟರಲ್ಲಿ ತೋರಣ ಕಟ್ಟೋಣವೆಂದು ಹೊರಗೆ ಬಂದೆ. ಒಂದು ತುದಿ ಸಿಕ್ಕಿಸುವಷ್ಟರಲ್ಲಿ ಬೆನ್ನ ಹಿಂದೆ ಬಾಗಿಲು ತಾನಾಗಿ ಬಂದು ಕಟಕ್ಕನೆ ಹಾಕಿಕೊಂಡಿತು. ನಮ್ಮೂರಿನ ಬಾಗಿಲನ್ನು ಬೆಳಗ್ಗೆ ತೆರೆದರೆ ಮುಚ್ಚುವುದು ಮಲಗುವಾಗಲೇ. ಇಲ್ಲಿಯದು ಒಳಗಿನಿಂದ ಹಿಡಿ ಒತ್ತಿದರೆ ತೆರೆಯುತ್ತದೆ, ಹೊರಗಿನಿಂದ ಕೀಲಿಯೇ ಬೇಕು. ಕೀಲಿ, ಫೋನು, ಮಗಳು, ಉರಿಯುವ ಒಲೆ ಎಲ್ಲ ಒಳಗಿದ್ದವು.

"ಚಿನ್ನಿ, ಹಿಡಿ ಒತ್ತಮ್ಮ!"

"ಊಹೂಂ."

"ನಾನು ಕಣಮ್ಮ, ಅಪ್ಪ!"

"ಅಪ್ಪನ ಥರ ಕರೆದ್ರೂ ಮುಟ್ಬಾರ್ದು."

ಒಳಗೆ ಚೊರ್ರೆಂದು ಸದ್ದಾಯಿತು. ಹಾಲು ಉಕ್ಕಿತ್ತು. "ಬೆಂಕಿ ಆರೋಯ್ತು," ಎಂದಳು ಚಿನ್ನಿ. ಹಳೆಯ ಒಲೆ ಅದು. ಬೆಂಕಿ ಆರಿದರೂ ಗ್ಯಾಸು ನಿಲ್ಲುವುದಿಲ್ಲ. ಬಾಗಿಲ ಸಂದಿಯಿಂದ ವಾಸನೆ ಬಂದಾಗ ನನ್ನ ಜೀವ ಬಾಯಿಗೆ ಬಂತು. ಅವಳೇನಾದರೂ ಸ್ವಿಚ್ಚು ಒತ್ತಿಬಿಟ್ಟರೆ? "ಏನೂ ಮುಟ್ಬೇಡ!" ಎಂದು ಅರಚಿದೆ. ಹಿಡಿ ಒತ್ತು ಎನ್ನುವವನೂ ನಾನೇ, ಮುಟ್ಟಬೇಡ ಎನ್ನುವವನೂ ನಾನೇ. ಮಗು ಅಳತೊಡಗಿತು. ಹೆಗಲಿನಿಂದ ಬಾಗಿಲನ್ನು ಗುದ್ದಿದೆ. ಗುದ್ದಿದಷ್ಟೂ ಅಳು ದೂರ ಸರಿಯಿತು.

ಎದುರು ಮನೆಯಿಂದ ಸುಡಾನ್ ದೇಶದ ಹಿರಿಯ ಹೆಂಗಸು ಹೊರಬಂದರು. ಅವರು ಉಮ್ ಹಸನ್, ಎಂದರೆ ಹಸನನ ತಾಯಿ. ಮಗನ ಹೆಸರಿನಿಂದ ತಾಯಿಯನ್ನು ಕರೆಯುವುದು ಇಲ್ಲಿನ ರೂಢಿ. ನಾವು ಸಾಮಾನು ತಂದ ದಿನ ಅವರು ಮಾತಾಡಿಸಲು ಬಂದಾಗ, ಆ ಎತ್ತರಕ್ಕೂ ಗಡಸು ದನಿಗೂ ಹೆದರಿ ಒಳಗೆ ಸರಿದುಬಿಟ್ಟಿದ್ದೆ. ಈಗ ಅವರು ಮೂಗು ಅರಳಿಸಿ "ಗಾಝ್!" ಎಂದವರೇ ಕಾರಿಡಾರಿನ ಗೋಡೆಯ ಪುಟ್ಟ ಕಪಾಟು ತೆರೆದು, ನಮ್ಮ ಮನೆಗೆ ಹೋಗುವ ಗ್ಯಾಸಿನ ವಾಲ್ವ್ ತಿರುಗಿಸಿ ಮುಚ್ಚಿದರು. "ಖಲಾಸ್" ಎಂದರು, ಮುಗಿಯಿತು ಎಂದರ್ಥ. ಆದರೆ ಒಳಗೆ ತುಂಬಿದ್ದ ಗ್ಯಾಸು ಇನ್ನೂ ಮಗಳ ಸುತ್ತಲೇ ಇತ್ತು. ನಾನು ಮತ್ತೆ ಗುದ್ದಲು ಹೋದಾಗ ಅವರು ತುಟಿಗೆ ಬೆರಳಿಟ್ಟು, ಕೂಗಬೇಡ, ಮೆಲ್ಲಗೆ ಮಾತಾಡು ಎಂದು ಸನ್ನೆ ಮಾಡಿದರು.

ಮೊಣಕಾಲೂರಿ ಬಾಗಿಲಿಗೆ ಕೆನ್ನೆ ಒತ್ತಿದೆ. ದನಿ ನಡುಗದ ಹಾಗೆ ಮಾಡಲು ನಾಲಗೆ ಕಚ್ಚಿಕೊಂಡೆ.

"ಚಿನ್ನಿ, ಹೊರಗೆ ಏನಿದೆ?"

"ಭಯ ಇದೆ."

"ಇಲ್ಲ ಕಣಮ್ಮ. ಹೋಯ್ತು."

"ಎಲ್ಲಾ ಹೋಯ್ತಾ?"

"ಎಲ್ಲಾ ಹೋಯ್ತು. ಬಾ."

ಪುಟ್ಟ ಹೆಜ್ಜೆಗಳ ಸದ್ದು ಹತ್ತಿರ ಬಂತು. ಹಿಡಿ ಕೆಳಗಿಳಿಯಿತು. ಅವಳನ್ನು ಎತ್ತಿ ಉಮ್ ಹಸನ್ ಕೈಗೆ ಕೊಟ್ಟು, ಒಳಗೋಡಿ ಒಲೆಯ ಗುಂಡಿ ತಿರುಗಿಸಿ ಮುಚ್ಚಿ, ಕಿಟಕಿಗಳನ್ನೆಲ್ಲ ತೆರೆದೆ. ಕೊನೆಯ ಕಿಟಕಿಯ ಹತ್ತಿರ ನಿಂತು, ಮಗಳಿಗೆ ಕಾಣದ ಹಾಗೆ ಅತ್ತುಬಿಟ್ಟೆ.

ಸಂಜೆ ಅಮ್ಮ ಫೋನು ಮಾಡಿದಳು. ಬಂದ್ಬಿಡ್ತೀನಿ ಅಮ್ಮ, ಇದು ನಮ್ಮಂಥೋರ ಊರಲ್ಲ ಎಂದು ಹೇಳಲು ಮಧ್ಯಾಹ್ನದಿಂದ ಮಾತು ಜೋಡಿಸಿಕೊಂಡಿದ್ದೆ.

"ಪೂರ್ವಕ್ಕೆ ಉಕ್ತೇನೋ?" ಎಂದಳು.

ಯಾವ ಕಡೆ ಉಕ್ಕಿತೋ ಕಂಡವರಾರು. "ಪೂರ್ವಕ್ಕೇ," ಎಂದೆ.

"ದನಿ ಯಾಕಪ್ಪ ಹಿಂಗಿದೆ? ಹೆದ್ರಿಕೆ ಆಗ್ತಿದ್ರೆ ಬಂದ್ಬಿಡು. ಹಸುಗಳು ಇಲ್ಲೇ ಅವೆ."

ಚಿನ್ನಿ ನನ್ನ ತೊಡೆಯ ಮೇಲೆ ಕೂತು, ಉಮ್ ಹಸನ್ ಕೊಟ್ಟ ಖರ್ಜೂರ ತಿನ್ನುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು. ನಮ್ಮ ಕೊಟ್ಟಿಗೆ, ಬೂಸದ ವಾಸನೆ, ಹಾಲು ಕರೆಯುವ ಹೊತ್ತಿನ ತಂಪು ಎಲ್ಲ ನೆನಪಾಯಿತು. ಈಗಲೇ ಹೊರಟುಬಿಡಬೇಕೆನಿಸಿತು.

"ಹೆದ್ರಿಕೆನಾ? ಏನೂ ಇಲ್ಲ ಕಣಮ್ಮ," ಎಂದೆ. "ಇಲ್ಲೇ ಇರ್ತೀವಿ."

ಅದನ್ನು ಕೇಳಿದ್ದೇ ತಡ, ಚಿನ್ನಿ ತೊಡೆಯಿಂದ ಇಳಿದಳು. ಎರಡೂ ಕೈಯಿಂದ ಹಿಡಿ ಒತ್ತಿ, ಬಾಗಿಲು ತೆರೆದು, ಒಬ್ಬಳೇ ಎದುರು ಮನೆಗೆ ಓಡಿದಳು. ಫೋನಿನಲ್ಲಿ ಅಮ್ಮ ಕರುವಿನ ಸುದ್ದಿ ಹೇಳುತ್ತಿದ್ದಳು. ಮಗಳ ಹಿಂದೆ ಓಡಬಾರದೆಂದು ನಾನು ಕುರ್ಚಿಯನ್ನು ಬಿಗಿಯಾಗಿ ಹಿಡಿದು ಕೂತೇ ಇದ್ದೆ.