ಚಾವುಲ ಮೇಷ್ಟ್ರ ಶಿಫಾರಸು

ಹೊರದೇಶದಲ್ಲಿ ಓದಲು ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕುವವರಿಗೆಲ್ಲ ಮಲಾವಿ ದೇಶದ ಮ್ಜುಜು ಊರಿನ ನಮ್ಮ ಕಾಲೇಜಿನಲ್ಲಿ ಒಬ್ಬರೇ ದೇವರು, ಸಸ್ಯಶಾಸ್ತ್ರದ ಚಾವುಲ ಮೇಷ್ಟ್ರು. ಎಲ್ಲ ಮೇಷ್ಟ್ರುಗಳಂತೆ ಇವರೂ "ಶಿಫಾರಸು ಪತ್ರ ನೀನೇ ಬರ್ಕೊಂಡು ಬಾ, ಸಹಿ ಹಾಕ್ತೀನಿ" ಅನ್ನುತ್ತಾರೆ. ಆದರೆ ಬರೆದು ತಂದದ್ದನ್ನು ಕಾರಿಡಾರಿನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಓದುತ್ತಾರೆ. "'ಸಮಯಕ್ಕೆ ಸರಿಯಾಗಿ ಬರುತ್ತಾಳೆ.' ಯಾರಮ್ಮಾ ಇದು, ನೀನಾ, ಗೋಡೆ ಗಡಿಯಾರಾನಾ?" ಎಂದು ಬಾಯಲ್ಲಿದ್ದ ಮಂದಾಸಿ ಎಂಬ ಕರಿದ ಬನ್ನಿನ ಚೂರು ಹಾರುವಂತೆ ನಗುತ್ತಾರೆ. ಆಮೇಲೆ ತಾವೇ ಪೆನ್ನು ಹಿಡಿದರೆ ಮುಗಿಯಿತು, ಕುಂಡದಲ್ಲಿ ನಾಲ್ಕು ಮೆಕ್ಕೆಜೋಳದ ಗಿಡ ಬೆಳೆಸಿದವಳು ಇಡೀ ಮಲಾವಿಯ ಹಸಿವು ನೀಗಿಸುವವಳಾಗುತ್ತಾಳೆ. "ಸಾರ್, ಇದು ಸುಳ್ಳಲ್ವಾ?" ಎಂದರೆ, "ಸುಳ್ಳೇನಲ್ಲ, ನೀನಿನ್ನೂ ಮಾಡಿಲ್ಲ ಅಷ್ಟೆ. ಹೋಗಿ ಮಾಡು!" ಎಂದು ಗದರುತ್ತಾರೆ. ಯಾರಿಗಾದರೂ ಸ್ಕಾಲರ್‌ಶಿಪ್ ಸಿಕ್ಕಿತೋ, ತಮ್ಮ ಮದುವೆಯಲ್ಲೂ ಕುಣಿಯದ ಮನುಷ್ಯ ಮೇಜಿನ ಸುತ್ತ ಕುಣಿಯುತ್ತಾರೆ, ಹೊರಟವರ ಪೆಟ್ಟಿಗೆಗೆ ಬೇಡವೆಂದರೂ ಒಣಮೀನು ತುರುಕುತ್ತಾರೆ. ಹೀಗೆ ಕುಣಿದು ಕುಣಿದೇ ವಿಭಾಗದ ಏಳು ಜನ ಕಿರಿಯ ಅಧ್ಯಾಪಕರಲ್ಲಿ ಆರು ಜನರನ್ನು ಕಳಿಸಿಕೊಟ್ಟರು. ಯಾರೂ ಇನ್ನೂ ಮರಳಿಲ್ಲ. ಉಳಿದವಳು ನಾನು. ಮೊನ್ನೆ ನನ್ನ ಫಾರಂ ಕೂಡ ಅವರ ಮೇಜಿಗೆ ಬಂತು. ಅದರ ಕೊನೆಯ ಪ್ರಶ್ನೆ, ಅಭ್ಯರ್ಥಿ ಹೋದ ಮೇಲೆ ಅವರ ಕೆಲಸವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು. ಹಿಂದಿನ ಆರು ಫಾರಂಗಳಲ್ಲಿ ಬರೆದದ್ದನ್ನೇ ಮೇಷ್ಟ್ರು ಇದರಲ್ಲೂ ಬರೆದರು: "ನಾನು." ಆಮೇಲೆ ಎದ್ದು ಹೋಗಿ, ಗೋಡೆಯ ವೇಳಾಪಟ್ಟಿಯಲ್ಲಿ ನನ್ನ ಹೆಸರು ಹೊಡೆದುಹಾಕಿ ಅಲ್ಲೂ ತಮ್ಮ ಹೆಸರು ಬರೆದು, "ಶಿಲೀಂಧ್ರದ ಪಾಠ ಎಲ್ಲೀವರೆಗೆ ಬಂದಿದೆ, ಹೇಳಿ ಹೋಗಮ್ಮಾ" ಎಂದರು.